ಸುಶೀಲಕ್ಕಾರ ಪಕ್ಷಾಂತರದ ಪಾಠ

ಸುಶೀಲವ್ವನ ದನಿ ತಡಸವೆಂಬ ಹಳ್ಳಿಯ ಜೋಳದ ಹೊಲದಲ್ಲಿ ಬೆಳೆದದ್ದು. ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಹಕ್ಕಿ ಕಾಯಲೆಂದು ಅಪ್ಪ ಯಲ್ಲಪ್ಪ ಅವಳನ್ನು ಅಟ್ಟಣಿಗೆಯ ಮೇಲೆ ಹತ್ತಿಸುತ್ತಿದ್ದ. ಬೇರೆ ಹೊಲದ ಮಕ್ಕಳು ಕವಣೆ ಬೀಸುತ್ತಿದ್ದರು, ಡಬ್ಬಿ ಬಡಿಯುತ್ತಿದ್ದರು. ಇವಳು ಬರೇ ಬಾಯಿ ತೆರೆಯುತ್ತಿದ್ದಳು. ಯಲ್ಲಪ್ಪನ ಹೊಲದ ಗಿಳಿಗಳ ಜೊತೆಗೆ ಸುತ್ತಲಿನ ನಾಲ್ಕು ಹೊಲದ ಗಿಳಿಗಳೂ ಎದ್ದು ಶಿಗ್ಗಾಂವಿಯ ಕಡೆಗೆ ಹೊರಟುಬಿಡುತ್ತಿದ್ದವು. ಶಿಗ್ಗಾಂವಿಯವರು ಇದಕ್ಕೆ ಏನು ಅಂದುಕೊಂಡರೋ ಯಾರೂ ಕೇಳಲಿಲ್ಲ.

ಈ ದನಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಕಷ್ಟವೆಂದೇ ಯಲ್ಲಪ್ಪ ಮಗಳನ್ನು ಸಾಲಿಗೆ ಹಾಕಿದ ಎಂದು ಊರವರು ಹೇಳುತ್ತಿದ್ದರು. ಓದು ಬರಹ ಸಲೀಸಾಗಿ ಬಂತು. ಅಂಕಗಣಿತ ಮಾತ್ರ ಅವಳಿಗೆ ಆಗಿಬರಲಿಲ್ಲ. ಲೆಕ್ಕ ಗೊತ್ತಾಗುತ್ತಿರಲಿಲ್ಲವೆಂದಲ್ಲ, ಲೆಕ್ಕದೊಳಗಿನ ಮಂದಿಯ ಮೇಲೆ ಅವಳಿಗೆ ಸಿಟ್ಟು ಬರುತ್ತಿತ್ತು. ಒಬ್ಬ ವ್ಯಾಪಾರಿ ತುಪ್ಪಕ್ಕೆ ಎಣ್ಣೆ ಬೆರೆಸಿದನೆಂದರೆ, ಅವನನ್ನು ಯಾಕೆ ಫೌಜದಾರರಿಗೆ ಹಿಡಿದುಕೊಡಲಿಲ್ಲ ಎಂದು ಮಾಸ್ತರರನ್ನು ಕೇಳುತ್ತಿದ್ದಳು. ನೀರಿನ ತೊಟ್ಟಿಗೆ ಮೇಲಿನ ನಳದಿಂದ ನೀರು ಬೀಳುತ್ತಿದೆ, ಕೆಳಗಿನ ತೂತಿನಿಂದ ಸೋರುತ್ತಿದೆ ಎಂದರೆ, ಉತ್ತರ ಬರೆಯುವ ಜಾಗದಲ್ಲಿ ‘ಮೊದಲು ತೂತು ಮುಚ್ಚಬೇಕು’ ಎಂದು ಬರೆದಿಟ್ಟು ಬರುತ್ತಿದ್ದಳು.

ಹುಬ್ಬಳ್ಳಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಹೈಸ್ಕೂಲಿಗೆ ಹೋದಾಗ ಬೀಜಗಣಿತ ಸಿಕ್ಕಿತು. ಸಿಕ್ಕಿತು ಎನ್ನುವುದಕ್ಕಿಂತ, ಬಂದು ಅವಳ ಪಕ್ಕದಲ್ಲಿ ಕೂತಿತು. ಇಲ್ಲಿ ವ್ಯಾಪಾರಿಯಿಲ್ಲ, ಎಣ್ಣೆಯಿಲ್ಲ, ತೂತಿಲ್ಲ. ‘ಕ್ಷ’ ಎಂಬ ಒಂದೇ ಅಕ್ಷರ, ಅದರ ಸುತ್ತ ಒಂದಿಷ್ಟು ಅಂಕಿಗಳ ಗದ್ದಲ. ಆ ಗದ್ದಲವನ್ನೆಲ್ಲ ಒಂದೊಂದಾಗಿ ಸಮಚಿಹ್ನೆಯ ಆಚೆಗೆ ಕಳಿಸಿ ಕ್ಷವನ್ನು ಒಂಟಿಯಾಗಿ ನಿಲ್ಲಿಸಿದರೆ ಆಯಿತು, ಅದು ತಾನೇ ಬಾಯಿಬಿಟ್ಟು ತನ್ನ ಬೆಲೆ ಹೇಳುತ್ತದೆ. ಅತ್ತೆಯ ಆ ಇಕ್ಕಟ್ಟಿನ ಮನೆಯಲ್ಲಿ ಒಂದು ಗಳಿಗೆಯೂ ಒಂಟಿಯಾಗಿ ಕೂರಲು ಸಿಗದಿದ್ದ ಸುಶೀಲವ್ವನಿಗೆ ಕ್ಷದ ಮೇಲೆ ಹೊಟ್ಟೆಕಿಚ್ಚೂ ಆಯಿತು, ಪ್ರೀತಿಯೂ ಆಯಿತು.

ಮೆಟ್ರಿಕ್ ಮುಗಿಸಿ, ಧಾರವಾಡದಲ್ಲಿ ಮಾಸ್ತರಿಕೆಯ ಟ್ರೇನಿಂಗ್ ಮುಗಿಸುವ ಹೊತ್ತಿಗೆ ಹಾನಗಲ್ಲಿನಿಂದ ಗಂಡಿನ ಕಡೆಯವರು ನೋಡಲು ಬಂದರು. ಗಂಡು ಪರಮೇಶಪ್ಪ, ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟವನು. ಅವನ ತಾಯಿ ಮಂಜವ್ವ, “ಹಾಡು ಬರ್ತದೇನವಾ? ಒಂದು ಹೇಳು ನೋಡೂಣು,” ಎಂದಳು. ಯಲ್ಲಪ್ಪ ಬೇಡವೆಂದು ಕಣ್ಣಿನಲ್ಲೇ ಸನ್ನೆ ಮಾಡಿದ. ಸುಶೀಲವ್ವ ನೋಡಲಿಲ್ಲ, ಹಾಡಿದಳು. ಎರಡನೆಯ ನುಡಿಗೆ ಹಿತ್ತಲಲ್ಲಿ ಕಟ್ಟಿದ ಎಮ್ಮೆ ಹಗ್ಗ ಹರಿದುಕೊಂಡು ಓಡಿತು. ಮಂಜವ್ವ ಕೈಯಲ್ಲಿದ್ದ ಉಂಡಿಯನ್ನು ತಾಟಿಗೆ ಮರಳಿ ಇಟ್ಟಳು. ಪರಮೇಶಪ್ಪನೊಬ್ಬ ಮಾತ್ರ ಮುಂದಕ್ಕೆ ಬಾಗಿ ಕೇಳುತ್ತಿದ್ದ. ಬಾಲ್ಯದಿಂದ ಹೊಲಿಗೆ ಯಂತ್ರದ ಖಟಖಟದಲ್ಲಿ ಬೆಳೆದು ಅವನ ಕಿವಿ ಅರ್ಧ ಮಂದವಾಗಿತ್ತು.

“ದನಿ ಚಲೋ ಅದ,” ಎಂದ ಅವನು. “ಸ್ವಲ್ಪ ಸಣ್ಣದಾತು. ಇರ್ಲಿ, ನನಗ ಸಣ್ಣ ದನೀನ ಸೇರ್ತದ.”

ಮದುವೆ ಆಯಿತು.

ಹಾನಗಲ್ಲಿನಲ್ಲಿ ಆಗ ಊರ ಪ್ರಮುಖರು ಕಮಿಟಿ ಕಟ್ಟಿಕೊಂಡು ಹೊಸದೊಂದು ಹೈಸ್ಕೂಲು ತೆರೆದಿದ್ದರು. ಕಟ್ಟಡ ಇರಲಿಲ್ಲ. ಭತ್ತದ ಪೇಟೆಯ ಹಿಂದಿನ ಹಳೆಯ ಗೋದಾಮನ್ನು ಬಿದಿರು ತಟ್ಟಿಗಳಿಂದ ಅಡ್ಡಗಟ್ಟಿ ಕ್ಲಾಸುಗಳನ್ನು ಮಾಡಿದ್ದರು. ಗಣಿತಕ್ಕೆಂದು ಹುಬ್ಬಳ್ಳಿಯಿಂದ ಬಂದ ಪದವೀಧರರು ಗೋದಾಮಿನ ಬಾಗಿಲಲ್ಲಿ ನಿಂತು, ಭತ್ತದ ಧೂಳಿಗೆ ಸೀನಿ, ಅದೇ ಬಸ್ಸಿಗೆ ಹಿಂದಿರುಗುತ್ತಿದ್ದರು. ಹೆಡ್‌ಮಾಸ್ತರ ಶಹಾಬುದ್ದೀನ ಸಾಹೇಬರು ಸವಣೂರಿನವರು, ಕೋಪ ಬಂದಾಗಲೂ ಮೆಲ್ಲಗೆ ಮಾತಾಡುವ ಮನುಷ್ಯ. ಕಡೆಗೆ ಅವರು ಸುಶೀಲವ್ವನನ್ನೇ ಕರೆದು, “ಪದವೀಧರರು ಬರೂತನಕ ನೀವ ಬೀಜಗಣಿತ ತೊಗೊಳ್ರಿ ಅಕ್ಕಾರ,” ಎಂದರು. ಪದವೀಧರರು ಬರಲೇ ಇಲ್ಲ. ಕಲಿಸುವ ಹೆಂಗಸನ್ನು ಅಕ್ಕಾರು ಎನ್ನುವುದು ಅಲ್ಲಿನ ರೂಢಿ, ಸುಶೀಲವ್ವ ಊರಿಗೆಲ್ಲ ಸುಶೀಲಕ್ಕಾರಾದಳು.

ಅವಳ ಕ್ಲಾಸಿನ ತಟ್ಟಿಯ ಆಚೆ ದಿಲಾವರನ ಚಾದಂಗಡಿ. ಹಾನಗಲ್ಲಿನ ರಾಜಕಾರಣವೆಲ್ಲ ನಡೆಯುವುದು ಅಲ್ಲಿ. ಸುಶೀಲಕ್ಕಾರು ಪಾಠ ಶುರು ಮಾಡಿದರೆ ಅಲ್ಲಿ ಕೂತವರಿಗೆ ಬೇರೆ ಮಾತು ಸಾಧ್ಯವಿರಲಿಲ್ಲ. ಗಿರಾಕಿಗಳು ಮೊದಮೊದಲು ಗೊಣಗಿದರು, ಆಮೇಲೆ ರೂಢಿಯಾಯಿತು. ಬಸಿಯಲ್ಲಿ ಚಾ ಸುರಿದುಕೊಂಡು ಊದುತ್ತ, ಕ್ಷ ಇವತ್ತು ಎಷ್ಟಾಗುತ್ತದೋ ನೋಡೋಣವೆಂದು ಕಾಯುವವರೂ ಇದ್ದರು.

ಹೀಗಿರುವಾಗ ಅರವತ್ತನೆಯ ಇಸವಿಯಲ್ಲಿ ತಾಲೂಕು ಬೋರ್ಡಿನ ಚುನಾವಣೆ ಬಂತು.

ಊರಲ್ಲಿ ಎರಡು ಗುಂಪು. ಒಂದರ ಗುರುತು ಏಣಿ, ಇನ್ನೊಂದರದು ಕೊಡೆ. ಪಕ್ಕದ ಹಳ್ಳಿಯಲ್ಲಿ ಕಬ್ಬಿನ ಗಾಣ ಇಟ್ಟ ಉಳಿವೆಪ್ಪ ಏಣಿ ಗುಂಪಿನ ದೊಡ್ಡ ತಲೆ, ಸಾಲಿ ಕಮಿಟಿಯ ಸದಸ್ಯ. ಸಾಲಿಯ ಗಂಟೆ ಅವನ ದಾನ, ಸುಶೀಲಕ್ಕಾರ ಕ್ಲಾಸಿನ ಕರಿಹಲಗೆಯೂ ಅವನ ದಾನವೇ. ಗೋಡೆಗೋಡೆಗೆ ಏಣಿ ಬರೆಸಿ, ತಿಂಗಳುಗಟ್ಟಲೆ ಏಣಿಯ ಗುಣಗಾನ ಮಾಡಿದವನು, ಬೋರ್ಡಿನ ಅಧ್ಯಕ್ಷನ ಕುರ್ಚಿ ತನಗಿಲ್ಲವೆಂದು ಗೊತ್ತಾದ ದಿನ ಎದ್ದು ಹೋಗಿ ಕೊಡೆಯ ಕೆಳಗೆ ನಿಂತ. ತನ್ನ ಏಣಿಗಳ ಮೇಲೆ ತಾನೇ ಸುಣ್ಣ ಬಳಿಸಿ ಕೊಡೆ ಬರೆಸಿದ. ಸುಣ್ಣ ತೆಳುವಾಯಿತು. ಊರ ತುಂಬ ಕೊಡೆಗಳ ಕೆಳಗಿನಿಂದ ಏಣಿಯ ಕಾಲುಗಳು ಇಣುಕತೊಡಗಿದವು. “ಮಳಿಯಾಗ ಮಾಳಗಿ ಹತ್ತೂದಿದ್ರ ಎರಡೂ ಬೇಕಲ್ಲ,” ಎಂದು ದಿಲಾವರ ಚಾ ಸೋಸುತ್ತ ಅಂದ.

ಇದಾವುದೂ ಸುಶೀಲಕ್ಕಾರಿಗೆ ಗೊತ್ತಿರಲಿಲ್ಲ. ಅವರಿಗೆ ಗೋಡೆ ಓದುವ ಚಟವಿರಲಿಲ್ಲ. ಆ ವಾರ ಎಂಟನೆಯ ಇಯತ್ತೆಯವರಿಗೆ ಸಮೀಕರಣ ಬಿಡಿಸುವ ಪಾಠ ಬಂದಿತ್ತು. ಅವರ ಲಕ್ಷ್ಯವೆಲ್ಲ ಅದರ ಮೇಲೆ. ಕರಿಹಲಗೆಯ ಮೇಲೆ ‘೩ಕ್ಷ + ೭ = ೭’ ಎಂದು ಬರೆದು ಅವರು ಹೊರಳಿ ನಿಂತರು.

“ಲಕ್ಷ್ಯ ಕೊಡ್ರಿ! ನಡುವ ಇರೂದು ಸಮಚಿಹ್ನೆ. ಅದರ ಈ ಕಡೆ ಒಂದು ಪಕ್ಷ, ಆ ಕಡೆ ಒಂದು ಪಕ್ಷ. ಒಂದು ಪಕ್ಷ ಬಿಟ್ಟು ಇನ್ನೊಂದು ಪಕ್ಷಕ್ಕ ಹೋಗೂದಕ್ಕ ಏನಂತಾರ?”

“ಪಕ್ಷಾಂತರಾ!” ಎಂದು ಹುಡುಗರು ಕೂಗಿದರು.

ತಟ್ಟಿಯ ಆಚೆ ಚಾ ಊದುವುದು ನಿಂತಿತು.

“ಪಕ್ಷಾಂತರ ಮಾಡಿದ ಕೂಡ್ಲೆ ಏನು ಬದಲಾಗ್ತದ?”

“ಚಿಹ್ನೆ!”

“ಈ ಪಕ್ಷದಾಗ ಧನ ಆಗಿದ್ದಾಂವ ಆ ಪಕ್ಷಕ್ಕ ಹೋದ್ರ ಏನಾಗ್ತಾನ?”

“ಋಣಾ!”

ಚಾದಂಗಡಿಯಲ್ಲಿ ಯಾರೋ ಕೆಮ್ಮಿದರು. ಯಾಕೆಂದರೆ ಅಂಗಡಿಯ ನಟ್ಟನಡುವಿನ ಬಾಕಿನ ಮೇಲೆ, ಹೊಸ ಗುಂಪಿನವರ ಮಧ್ಯದಲ್ಲಿ, ಬಸಿ ಎತ್ತಿ ಹಿಡಿದು ಉಳಿವೆಪ್ಪನೇ ಕೂತಿದ್ದ.

“ಹಂಗಾರ ಇಷ್ಟೆಲ್ಲಾ ಪಕ್ಷಾಂತರ ಮಾಡಿದ ಮ್ಯಾಲೆ ಕ್ಷದ ಬೆಲಿ ಎಷ್ಟು ಉಳೀತು?”

ಒಂದು ಕ್ಷಣ ಬಳಪದ ಸಪ್ಪಳ.

“ಸೊನ್ನಿ!”

“ಕೇಳಿಸಲಿಲ್ಲ!”

“ಸೊನ್ನೀ!”

ಚಾದಂಗಡಿ ನಕ್ಕಿತು. ಏಣಿಯವರು ನಕ್ಕರು, ಕೊಡೆಯವರು ಬೇರೆ ಕಡೆ ಮುಖ ತಿರುಗಿಸಿ ನಕ್ಕರು. ಉಳಿವೆಪ್ಪ ಬಸಿ ಕೆಳಗಿಟ್ಟು, ರುಮಾಲು ಸರಿಮಾಡಿಕೊಂಡು, ಸೀದಾ ಹೆಡ್‌ಮಾಸ್ತರರ ಕೋಣೆಗೆ ನಡೆದ.

“ಬರ್ರಿ, ಕುಂದರ್ರಿ. ಸವಣೂರ ಎಲಿ ಬಂದಾವ, ಹಾಕ್ಕೊಳ್ರಿ,” ಎಂದರು ಶಹಾಬುದ್ದೀನ ಸಾಹೇಬರು.

“ಎಲಿ ಆಮ್ಯಾಲ. ಮೊದ್ಲ ಆ ಅಕ್ಕಾರನ್ನ ಕರೀರಿ. ಯಾರು ಹೇಳಿಕೊಟ್ಟಾರ ಅವರಿಗೆ ಅಂತ ಕೇಳ್ತೇನಿ.”

ಸುಶೀಲಕ್ಕಾರು ಬಳಪದ ಕೈಯಲ್ಲೇ ಬಂದರು. ವಿಷಯ ತಿಳಿದು ಬೆಪ್ಪಾದರು. “ನಾ ನಿಮ್ಮ ಹೆಸರ ಎತ್ತಿಲ್ಲಲ್ರಿ!”

“ಹೆಸರು ಎತ್ತಬೇಕೇನು? ಕ್ಷ ಕ್ಷ ಅಂತ ಒದರಿದ್ರ ಊರಿಗೆ ತಿಳೀದೇನು?”

“ಕ್ಷ ಅಂದ್ರ ಇಂಥಾಂವ ಅಂತ ಇಲ್ಲರಿ. ಯಾರ ಬೇಕಾದ್ರೂ ಆಗಬಹುದು.”

“ಕೇಳಿದ್ರಿಲ್ಲೊ ಸಾಹೇಬ್ರ? ಯಾರ ಬೇಕಾದ್ರೂ ಆಗಬಹುದಂತ! ಹಂಗಾರ ನಾನೂ ಆಗಬಹುದು!”

ಸುಶೀಲಕ್ಕಾರು ಒಂದು ಗಳಿಗೆ ವಿಚಾರ ಮಾಡಿದರು. ಸುಳ್ಳು ಹೇಳಲು ಅವರಿಗೆ ಬರುತ್ತಿರಲಿಲ್ಲ. “ಆಗಬಹುದರಿ,” ಎಂದರು.

ಶಹಾಬುದ್ದೀನ ಸಾಹೇಬರು ಅಡಿಕೆಹೋಳು ಗಂಟಲಿಗೆ ಸಿಕ್ಕಂತೆ ಕೆಮ್ಮಿದರು. ಬರುವ ರವಿವಾರ ಕಮಿಟಿ ಕೂಡುವುದು, ಅಕ್ಕಾರನ್ನು ಇಟ್ಟುಕೊಳ್ಳುವುದೋ ಬಿಡುವುದೋ ಅಲ್ಲೇ ತೀರ್ಮಾನವಾಗುವುದು ಎಂದು ಠರಾಯಿಸಿ ಉಳಿವೆಪ್ಪ ಎದ್ದುಹೋದ. ಎಲೆ ಹಾಕಿಕೊಳ್ಳಲಿಲ್ಲ. ಅದನ್ನು ನೋಡಿಯೇ ಸಾಹೇಬರಿಗೆ ಪ್ರಕರಣ ಗಂಭೀರವೆನಿಸಿತು.

ಮನೆಯಲ್ಲಿ ಸುಶೀಲವ್ವ ಗಂಡನಿಗೆ ನಡೆದದ್ದನ್ನೆಲ್ಲ ಹೇಳಿದಳು. ಪರಮೇಶಪ್ಪ ಯಂತ್ರ ತುಳಿಯುತ್ತಲೇ ಕೇಳಿದ.

“ಪಕ್ಷದಾಗ ಅಂವಗೇನು ತ್ರಾಸು? ಪಕ್ಷ ಇನ್ನೂ ದೂರ ಅದಲ್ಲ, ಮಹಾನವಮಿ ಮುಂದ ಬರೂದು. ಹೋಳಿಗಿ ಉಂಡು ಹೋಗಂತ ಹೇಳು.”

“ಹಿರಿಯರ ಪಕ್ಷ ಅಲ್ರಿ! ಪಕ್ಷಾಂತರ!”

ಯಂತ್ರ ನಿಂತಿತು. ಅದರ ಸೂಜಿಯ ಕೆಳಗೆ ಇದ್ದದ್ದು ಉಳಿವೆಪ್ಪನದೇ ಕೋಟು, ಒಂದು ತೋಳು ಆಗಿತ್ತು, ಇನ್ನೊಂದು ಬಾಕಿ. ಪರಮೇಶಪ್ಪ ಅದನ್ನು ಎತ್ತಿ ಹಿಡಿದು ನೋಡಿದ. “ತಪ್ಪಾತು ಅಂದುಬಿಡು. ಏನು ಹೋಗ್ತದ?”

“ತಪ್ಪಾತು ಅಂದ್ರ ಲೆಕ್ಕ ತಪ್ಪಾತು ಅಂದಂಗ ಆಗ್ತದ. ಲೆಕ್ಕ ತಪ್ಪಿಲ್ಲರಿ.” ಅವಳು ಧೈರ್ಯವಂತೆಯೇನಲ್ಲ. ಇದು ಹೋದರೆ ಬೇರೆ ಕೆಲಸ ಸಿಗುವುದಿಲ್ಲವೆಂಬುದೂ ಗೊತ್ತಿತ್ತು. ಆದರೆ ಕ್ಷ ಸೊನ್ನೆಯಾಗಿರುವಾಗ ಮತ್ತೊಂದು ಎನ್ನಲು ನಾಲಿಗೆ ಏಳುತ್ತಿರಲಿಲ್ಲ.

ಮರುದಿನ ಶಹಾಬುದ್ದೀನ ಸಾಹೇಬರು ಅವರನ್ನು ಕರೆದು ಬಹಳ ನಯವಾಗಿ ಹೇಳಿದರು. “ಅಕ್ಕಾರ, ರವಿವಾರದತನಕ ಆ ಒಂದು ಶಬ್ದ ಬ್ಯಾಡ. ಪಾಠ ನಡೀಲಿ. ಬ್ಯಾರೆ ಏನರೆ ಅನ್ರಿ.”

ಸುಶೀಲಕ್ಕಾರು ಒಪ್ಪಿದರು. ಪಕ್ಷ ಎನ್ನುವ ಬದಲು ಮನೆ ಎಂದರಾಯಿತು. ಸಮಚಿಹ್ನೆ ನಡುವಿನ ಗೋಡೆ. ಈ ಕಡೆ ಒಂದು ಮನೆ, ಆ ಕಡೆ ಇನ್ನೊಂದು ಮನೆ. ಯಾರ ಮನಸ್ಸಿಗೂ ನೋವಿಲ್ಲ. ಅವರು ಸಮಾಧಾನದಿಂದ, ಎಂದಿಗಿಂತ ಜೋರಾಗಿಯೇ ಪಾಠ ಮಾಡಿದರು:

“ಈ ಮನ್ಯಾಗ ಕೂಡಿಸಾಂವ, ಆ ಮನಿಗೆ ಹೋದ ಕೂಡ್ಲೆ ಏನು ಮಾಡ್ತಾನ?”

“ಕಳೀತಾನಾ!”

ಮಧ್ಯಾಹ್ನದೊಳಗೆ ಈ ಸುದ್ದಿ ಉಳಿವೆಪ್ಪನ ಗಾಣದ ಮನೆ ತಲುಪಿತು. ಉಳಿವೆಪ್ಪನ ಹೆಂಡತಿ ಶೇಖವ್ವ ಒಲೆ ಆರಿಸಿ, ಬಾಗಿಲು ಮುಂದೆ ಮಾಡಿ, ಸೀದಾ ಸಾಲಿಗೆ ಬಂದಳು. ಎತ್ತರದ ಹೆಂಗಸು. ಕ್ಲಾಸಿನ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದು, ಮುಂದಿನ ಬಾಕಿನ ಮೇಲೆ ಹುಡುಗಿಯರನ್ನು ಒತ್ತಿ ಸರಿಸಿ ಕೂತಳು.

“ಯಾವ ಮನಿ ಅದು?” ಎಂದಳು.

“ಯಾವ ಮನಿರಿ?”

“ನನ್ನ ಗಂಡ ಕೂಡಿಸೂ ಮನಿ ನಂದು. ಹೋಗಿ ಕಳೆಯೂ ಮನಿ ಯಾರದು? ಹೆಸರು ಹೇಳ್ರಿ ಅಕ್ಕಾರ. ನಾ ಏನೂ ಮಾಡೂದಿಲ್ಲ, ಬರೇ ಮಾತಾಡಿ ಬರ್ತೇನಿ.” ಹಾಗೆನ್ನುತ್ತ ಸೆರಗನ್ನು ಸೊಂಟಕ್ಕೆ ಬಿಗಿದಳು.

ಸುಶೀಲಕ್ಕಾರು ಬಳಪದಿಂದ ಕರಿಹಲಗೆ ತೋರಿಸಿದರು. “ಮನಿ ಇಲ್ಲೇ ಅದರಿ. ಇದು ಈ ಮನಿ, ಅದು ಆ ಮನಿ.”

ಶೇಖವ್ವ ಎದ್ದು ಹತ್ತಿರ ಹೋಗಿ ಸಮಚಿಹ್ನೆಯ ಬಲಗಡೆಯನ್ನು ತಪಾಸಣೆ ಮಾಡಿದಳು. “ಇಲ್ಲಿ ಬರೇ ಏಳು ಅಂತ ಬರದದ. ಹೆಂಗಸು ಯಾರೂ ಇಲ್ಲೇನು?”

“ಇಲ್ಲರಿ.”

“ಖರೇನ?”

“ಬಳಪದ ಆಣಿ.”

ಶೇಖವ್ವ ಸೆರಗು ಸಡಿಲಿಸಿದಳು. ಆದರೆ ಎದ್ದುಬಂದ ಹೆಂಗಸು ಸುಮ್ಮನೆ ಹೋಗಲಾರಳು. “ಹಂಗಾರ ಈ ಸೊಟ್ಟ ಅಕ್ಷರ ಏನು? ಇದಕ್ಕ ನನ್ನ ಗಂಡ ಅಂತ ಯಾಕ ಅಂತಾರ?”

ಕೇಳಿದವರಿಗೆ ಹೇಳದೆ ಇರುವುದು ಸುಶೀಲಕ್ಕಾರ ಸ್ವಭಾವವಲ್ಲ. “ಇದು ಕ್ಷರಿ. ಇದರ ಬೆಲಿ ನಮಗ ಗೊತ್ತಿಲ್ಲ. ಯಾಕಂದ್ರ ಇದರ ಸುತ್ತ ಮಂದಿ. ಈ ಮೂರು ನೋಡ್ರಿ, ಗುಣಿಸಿ ಮೈಗೆ ಅಂಟಿಕೊಂಡದ. ಈ ಏಳು ಬಾಜೂಕ ಬಂದು ಕೂಡೇದ. ಕ್ಷ ಎಷ್ಟು ಅಂತ ತಿಳೀಬೇಕಂದ್ರ ಅದನ್ನ ಒಂಟಿ ಮಾಡಬೇಕು. ಮೊದ್ಲ ಯಾರನ್ನ ಕಳಸೂದು ಹೇಳ್ರಿ?”

ಶೇಖವ್ವ ಸೊಂಟಕ್ಕೆ ಕೈಯಿಟ್ಟು ನೋಡಿದಳು. “ಬಾಜೂಕ ಕುಂತವರನ್ನ. ಮೈಗೆ ಅಂಟಿದವರು ಲಗೂನ ಬಿಡೂದಿಲ್ಲ.”

ಸುಶೀಲಕ್ಕಾರಿಗೆ ಮೈ ಜುಮ್ಮೆಂದಿತು. ಎಂಟನೆಯ ಇಯತ್ತೆಯ ಅರ್ಧ ಕ್ಲಾಸು ಈ ಪ್ರಶ್ನೆಗೆ ತಪ್ಪು ಹೇಳಿತ್ತು. “ಬರೋಬ್ಬರಿರಿ! ಏಳನ್ನ ಕಳಸಿದ್ವಿ. ಆ ಕಡೆ ಏಳರಾಗ ಏಳು ಹೋದ್ರ?”

“ಏನೂ ಇಲ್ಲ.”

“ಆ ಏನೂ ಇಲ್ಲದ್ದನ್ನ ಮೂರು ಪಾಲು ಮಾಡಿದ್ರ ಒಂದೊಂದು ಪಾಲಿಗೆ?”

“ಏನೂ ಇಲ್ಲ!” ಶೇಖವ್ವ ಕರಿಹಲಗೆಯನ್ನು ನೋಡಿದಳು, ತಟ್ಟಿಯ ಆಚೆಯ ಚಾದಂಗಡಿಯ ಕಡೆ ನೋಡಿದಳು, ಮತ್ತೆ ಕರಿಹಲಗೆಯನ್ನು ನೋಡಿದಳು. ಅವಳ ಭುಜ ಕುಣಿಯತೊಡಗಿತು. “ನಮ್ಮ ಮನ್ಯಾಗೂ ಹಿಂಗ ಐತವಾ! ಬಾಜೂಕ ಕುಂತು ಚಾ ಕುಡಿಯಾವ್ರು ಏಳು ಮಂದಿ, ಮೈಗೆ ಅಂಟಿದ ಕಾರಭಾರಿಗಳು ಮೂರು ಮಂದಿ. ಅವರನ್ನೆಲ್ಲ ಕಳಸಿದ್ರ ಒಳಗ ಏನೂ ಇಲ್ಲ! ಇಷ್ಟು ತಿಳಿಯಾಕ ನೀವು ಹುಬ್ಬಳ್ಳಿತನಕ ಹೋಗಿದ್ರೇನು?” ನಗುತ್ತ ನಗುತ್ತ ಅವಳು ಬಾಕಿನ ಮೇಲೆ ಕುಸಿದಳು. ಹುಡುಗಿಯರೂ ನಕ್ಕರು. ಸುಶೀಲಕ್ಕಾರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ರವಿವಾರ ಇನ್ನೂ ಬರಬೇಕಿತ್ತು.

ರವಿವಾರ ಕಮಿಟಿ ಅದೇ ಕ್ಲಾಸಿನಲ್ಲಿ ಕೂಡಿತು. ಅಧ್ಯಕ್ಷ ಶಂಕ್ರಪ್ಪ ಭತ್ತದ ದಲಾಲಿ, ಏಣಿಯವನು. ಉಳಿದವರಲ್ಲಿ ಅರ್ಧ ಏಣಿ, ಅರ್ಧ ಕೊಡೆ. ಎಲ್ಲರೂ ಹುಡುಗರ ಗಿಡ್ಡ ಬಾಕುಗಳ ಮೇಲೆ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತರು. ಶಹಾಬುದ್ದೀನ ಸಾಹೇಬರು ಪಠ್ಯಪುಸ್ತಕ ತೆರೆದು, ‘ಪಕ್ಷಾಂತರ ಮಾಡಿದಾಗ ಚಿಹ್ನೆಯು ಬದಲಾಗುವುದು’ ಎಂಬ ಅಚ್ಚಾದ ಸಾಲನ್ನು ಓದಿದರು.

“ಆ ಪುಸ್ತಕಾನ ಏಣಿಯವರು ಬರದಾರ,” ಎಂದ ಉಳಿವೆಪ್ಪ.

“ಇದು ಅಚ್ಚಾದಾಗ ನೀವೂ ಏಣ್ಯಾಗ ಇದ್ರಿ,” ಎಂದ ಶಂಕ್ರಪ್ಪ.

ಗದ್ದಲವಾಯಿತು. ಕೊಡೆಯವನೊಬ್ಬ ಎದ್ದು, ಕ್ಷದ ಬೆಲೆಯನ್ನು ಒಬ್ಬ ಅಕ್ಕಾರು ಹೇಗೆ ಠರಾಯಿಸುವುದು, ಕಮಿಟಿ ಇರುವುದು ಯಾಕೆ ಎಂದ. ಶಂಕ್ರಪ್ಪನಿಗೂ ಅದು ನ್ಯಾಯವೆನಿಸಿ, ಬಹುಮತ ನೋಡೋಣವೆಂದ. ಏಣಿಯವರು ಸೊನ್ನೆಗೆ ಕೈ ಎತ್ತಿದರು. ಕೊಡೆಯವರು ತಮ್ಮತಮ್ಮಲ್ಲಿ ಪಿಸುಗುಟ್ಟಿ, ನೂರಕ್ಕೆ ಕಡಿಮೆ ಒಪ್ಪುವುದಿಲ್ಲವೆಂದರು. ಎರಡೂ ಕಡೆ ಸಮಸಮ. ಶಂಕ್ರಪ್ಪ ಗದ್ದ ಕೆರೆದು, “ಐವತ್ತಕ್ಕ ರಾಜಿ ಮಾಡೂಣು,” ಎಂದ.

ಇಷ್ಟು ಹೊತ್ತು ಮೂಲೆಯಲ್ಲಿ ನಿಂತಿದ್ದ ಸುಶೀಲಕ್ಕಾರಿಗೆ ಇನ್ನು ತಡೆಯಲಾಗಲಿಲ್ಲ. “ಕ್ಷಕ್ಕ ರಾಜಿ ಇಲ್ಲರಿ!” ಎಂದು ಕೂಗಿದರು. ಗೋದಾಮಿನ ತಗಡಿನ ಮೇಲಿದ್ದ ಪಾರಿವಾಳಗಳೆಲ್ಲ ಎದ್ದವು.

ರೆಕ್ಕೆಗಳ ಸಪ್ಪಳ ಇಳಿದ ಮೇಲೆ ಶಹಾಬುದ್ದೀನ ಸಾಹೇಬರು ಮೆಲ್ಲಗೆ ಕೇಳಿದರು. “ಅಕ್ಕಾರ, ಒಂದು ಮಾತು. ಪಕ್ಷಾಂತರ ಮಾಡಿದವರು ಎಲ್ಲಾ ಲೆಕ್ಕದಾಗೂ ಋಣ ಆಗ್ತಾರೇನು? ಬ್ಯಾರೆ ನಮೂನಿ ಇಲ್ಲೇನು?”

“ಯಾಕಿಲ್ಲರಿ!” ಸುಶೀಲಕ್ಕಾರು ಕರಿಹಲಗೆಗೆ ಹೋದರು. ‘ಕ್ಷ − ೫ = ೧೨’ ಎಂದು ಬರೆದರು. “ಇಲ್ಲಿ ಐದು ಋಣ ಅದ. ಆ ಪಕ್ಷಕ್ಕ ಹೋದ್ರ ಧನ ಆಗ್ತದ. ಹನ್ನೆರಡಕ್ಕ ಐದು ಕೂಡ್ತದ.”

ಉಳಿವೆಪ್ಪ ಕತ್ತು ಉದ್ದ ಮಾಡಿದ. “ಏನಂದ್ರಿ? ಪಕ್ಷಾಂತರ ಮಾಡಿದ್ರ ಧನ ಆಗ್ತದ?”

“ಆಗ್ತದರಿ.”

“ಕೊಡ್ರಿ ಇಲ್ಲಿ ಆ ಬಳಪ.” ಅವನು ಬಾಕಿನಿಂದ ಕಷ್ಟಪಟ್ಟು ಬಿಡಿಸಿಕೊಂಡು ಎದ್ದುಬಂದ. ಸುಶೀಲಕ್ಕಾರು ತೋರಿಸಿದಂತೆ ಎಡಗಡೆಯ ಐದನ್ನು ಒರೆಸಿ, ತನ್ನ ಕೈಯಿಂದಲೇ ಬಲಗಡೆಗೆ ಕೂಡಿಸುವ ಗುರುತು ಹಾಕಿ ಬರೆದ. ಬೆರಳು ಮಡಚಿ ಎಣಿಸಿದ. “ಹದಿನೇಳು!” ಎಂದು ಸಭೆಯ ಕಡೆ ತಿರುಗಿದಾಗ ಅವನ ಮುಖ ಕೊಪ್ಪರಿಗೆಯಿಂದ ಆಗ ತಾನೇ ಇಳಿದ ಬೆಲ್ಲದಂತಿತ್ತು. “ಇನ್ನೊಂದು ಕೊಡ್ರಿ ಅಕ್ಕಾರ.” ಇನ್ನೊಂದನ್ನೂ ಮಾಡಿದ. ಮೂರನೆಯದಕ್ಕೆ ಶಂಕ್ರಪ್ಪನೂ ಎದ್ದುಬಂದು, ಹಾಗಲ್ಲ ಹೀಗೆ ಎಂದು ಬಳಪ ಕಸಿಯಲು ನೋಡಿದ. ಅಕ್ಕಾರನ್ನು ಬಿಡಿಸುವ ಠರಾವು ಯಾರ ನೆನಪಿಗೂ ಬರಲಿಲ್ಲ. ಹೊರಡುವಾಗ ಉಳಿವೆಪ್ಪ ಒಂದೇ ಒಂದು ಕರಾರು ಹಾಕಿದ. ನಾಳೆ ಈ ಹೊಸ ನಮೂನೆಯ ಲೆಕ್ಕವನ್ನೇ ಹೇಳಬೇಕು, ಚಾದಂಗಡಿಯ ಕಡೆ ಮುಖ ಮಾಡಿ, ನಿನ್ನೆ ಮೊನ್ನೆಗಿಂತ ಜೋರಾಗಿ.

ಸೋಮವಾರ ಸುಶೀಲಕ್ಕಾರು ಕರಾರಿನ ಪ್ರಕಾರ ನಡೆದುಕೊಂಡರು.

“ಈ ಪಕ್ಷದಾಗ ಋಣ ಆಗಿದ್ದಾಂವ ಪಕ್ಷಾಂತರ ಮಾಡಿದ್ರ?”

“ಧನಾ!”

ಉಳಿವೆಪ್ಪ ನಡುಬಾಕಿನ ಮೇಲೆ ಕೂತು, ಮೀಸೆ ತೀಡಿಕೊಳ್ಳುತ್ತ ಸುತ್ತ ನೋಡಿದ. “ಕೇಳಿದ್ರಿಲ್ಲೊ?”

“ಕೇಳಿದ್ವಿ,” ಎಂದ ದಿಲಾವರ, ಕಪ್ಪು ತೊಳೆಯುತ್ತ. “ಅಂದ್ರ ಇಷ್ಟು ದಿನ ನೀವು ಏಣ್ಯಾಗ ಇದ್ದಾಗ ಋಣ ಇದ್ರಿ. ನಮಗ ಗೊತ್ತಿರಲಿಲ್ಲ ನೋಡ್ರಿ.”

ಈ ಸಲ ಯಾರೂ ಮುಖ ತಿರುಗಿಸಿ ನಗಲಿಲ್ಲ, ಎದುರಿಗೇ ನಕ್ಕರು. ಚುನಾವಣೆಯಲ್ಲಿ ಏಣಿಯವರು ಅವನಿಗೆ ಮತ ಹಾಕಲಿಲ್ಲ. ಹಾಕುತ್ತೇವೆಂದಿದ್ದ ಕೊಡೆಯವರೂ ಹಾಕಿದಂತೆ ಕಾಣಲಿಲ್ಲ. ಉಳಿವೆಪ್ಪ ಸೋತ. ಸುಶೀಲಕ್ಕಾರ ಮೇಲೆ ಅವನು ಮತ್ತೆ ಸಿಟ್ಟಾಗಲಿಲ್ಲ. ಲೆಕ್ಕ ಎರಡೂ ಬಾಜೂ ನಡೆಯುತ್ತದೆ, ಅಕ್ಕಾರದೇನು ತಪ್ಪು ಎಂದು ತಾನೇ ಜನರಿಗೆ ಹೇಳತೊಡಗಿದ. ಪರಮೇಶಪ್ಪನ ಕಡೆ ಬಂದು ಕೋಟನ್ನೂ ಒಯ್ದ.

ಆದರೆ ಶೇಖವ್ವ ಸಾಲಿ ಬಿಡಲಿಲ್ಲ. ಕಬ್ಬಿನ ಸುಗ್ಗಿ ಮುಗಿದ ಮೇಲೆ, ಪೇಟೆಗೆ ಬಂದ ನೆವದಲ್ಲಿ, ಮುಂದಿನ ಬಾಕಿಗೆ ಬಂದು ಕೂರುವುದು ರೂಢಿಯಾಯಿತು. ಓದು ಬರಹ ಅವಳಿಗೆ ಬೇಕಾಗಿರಲಿಲ್ಲ. “ಆ ಕ್ಷದ್ದು ಹೇಳ್ರಿ,” ಎನ್ನುತ್ತಿದ್ದಳು. ಒಂದು ದಿನ ಬಂದಾಗ ಕರಿಹಲಗೆಯ ಮೇಲೆ ಎರಡು ಅಕ್ಷರ ಇದ್ದವು: ‘೨ಕ್ಷ + ಯ = ೧೦’.

“ಈಕಿ ಯಾರು ಹೊಸಬಾಕಿ?” ಎಂದಳು ಶೇಖವ್ವ.

“ಯ ಅಂತರಿ. ಈಗ ಗೊತ್ತಿಲ್ಲದ್ದು ಎರಡು ಆದ್ವು. ಇಂಥಾದ್ರಾಗ ಒಂದನ್ನ ಒಂಟಿ ಮಾಡಿ ನಿಲ್ಲಸಬಹುದು. ಆದ್ರ ಅದರ ಬೆಲಿ ಇನ್ನೊಂದರ ಮ್ಯಾಲೆ ನಿಂತಿರ್ತದ.” ಸುಶೀಲಕ್ಕಾರು ಕೆಳಗೆ ಬರೆದರು: ಯ ಎಂದರೆ ಹತ್ತರಲ್ಲಿ ಎರಡು ಕ್ಷ ಕಳೆದದ್ದು. “ಕ್ಷ ಎಷ್ಟು ಅಂತ ಗೊತ್ತಾಗೂತನಕ ಯ ಎಷ್ಟು ಅಂತ ಹೇಳಾಕ ಬರೂದಿಲ್ಲ.”

ಶೇಖವ್ವನ ಮುಖ ಸಣ್ಣದಾಯಿತು. “ಹಂಗಂದ್ರ ಗಂಡ ಎಷ್ಟು ಅಂತ ತಿಳಿಯೂತನಕ ಹೆಂಡತಿ ಲೆಕ್ಕಕ್ಕಿಲ್ಲ?” ಎದ್ದು ನಿಂತಳು. “ಅಕ್ಕಾರ, ತಿರುವಿ ಬರೀರಿ.”

“ಏನ್ರಿ?”

“ಒಂಟಿ ಮಾಡೂದಿದ್ರ ಅಂವನ್ನ ಮಾಡ್ರಿ. ಯಾಕ ಬರೂದಿಲ್ಲ?”

ಸುಶೀಲಕ್ಕಾರು ಕರಿಹಲಗೆಯ ಕಡೆ ಹೊರಳಿದರು. ಇಷ್ಟು ವರ್ಷ ಪಾಠ ಮಾಡಿದ್ದರು, ಯಾರೊಬ್ಬರೂ ತಾವಾಗಿ ಇದನ್ನು ಕೇಳಿರಲಿಲ್ಲ. ಪುಸ್ತಕದಲ್ಲಿ ಯವನ್ನು ಬಿಡಿಸಿ ಎಂದರೆ ಯವನ್ನು ಬಿಡಿಸುತ್ತಿದ್ದರು, ಅಷ್ಟೇ. ಅವರು ಯವನ್ನು ಆಚೆಗೆ ಕಳಿಸಿದರು, ಚಿಹ್ನೆ ಬದಲಿಸಿದರು, ಎರಡರಿಂದ ಭಾಗಿಸಿದರು. “ಕ್ಷ ಅಂದ್ರ, ಹತ್ತರಾಗ ಯ ಕಳೆದು ಉಳಿದದ್ದರ ಅರ್ಧ,” ಎಂದು ಮೆಲ್ಲಗೆ ಓದಿದರು. ಅವರ ಜನ್ಮದಲ್ಲೇ ಅಷ್ಟು ಮೆಲ್ಲಗೆ ಅವರು ಏನನ್ನೂ ಓದಿರಲಿಲ್ಲ.

“ಈಗ ಅಂವನ ಬೆಲಿ ಯಾರ ಮ್ಯಾಲೆ ನಿಂತಿತು?”

“ಯದ ಮ್ಯಾಲರಿ.”

“ಯ ಬೆಳದಂಗ?”

“ಕ್ಷ ಇಳೀತಾನರಿ.”

“ಹಾಂ,” ಎಂದಳು ಶೇಖವ್ವ. ಈ ಸಲ ಅವಳು ನಗಲಿಲ್ಲ. ಸೆರಗು ಹೊದ್ದು, ಹುಡುಗಿಯರ ತಲೆ ಸವರಿ ಹೊರಟುಹೋದಳು.

ಮುಂದಿನ ಗ್ರಾಮಪಂಚಾಯಿತಿ ಚುನಾವಣೆಗೆ ಅವಳ ಹಳ್ಳಿಯಲ್ಲಿ ಹೆಂಗಸರ ಜಾಗಕ್ಕೆ ಏಣಿಯವರೂ ಕೊಡೆಯವರೂ ತಮ್ಮತಮ್ಮ ಮನೆಯ ಹೆಂಗಸರ ಹೆಸರು ಬರೆಸುವಷ್ಟರಲ್ಲಿ ಶೇಖವ್ವ ತಾನೇ ಅರ್ಜಿ ಕೊಟ್ಟುಬಂದಿದ್ದಳು. ಗಂಡನನ್ನು ಕೇಳಿರಲಿಲ್ಲ. ಯಾವ ಗುಂಪಿಗೂ ಸೇರಲಿಲ್ಲ. ಪ್ರಚಾರಕ್ಕೆ ಹೋದಲ್ಲೆಲ್ಲ, ನನಗೆ ಈ ಕಡೆ ಆ ಕಡೆ ದಾಟಿ ಚಿಹ್ನೆ ಬದಲಿಸುವ ತ್ರಾಸಿಲ್ಲ ಎಂದು ಹೇಳುತ್ತಿದ್ದಳಂತೆ. ಗೆದ್ದಳು. ಹಳ್ಳಿಯ ಬಾವಿಗೆ ಕಟ್ಟೆ ಕಟ್ಟಿಸಿದಳು. ಹೊರಗಿನವರು ಉಳಿವೆಪ್ಪನ ಮನೆ ಕೇಳಿದರೆ ಶೇಖವ್ವನ ಗಂಡನ ಮನೆಯೇ ಎಂದು ಜನ ತಿರುಗಿ ಕೇಳುತ್ತಿದ್ದರು. ಉಳಿವೆಪ್ಪನಿಗೆ ಮೊದಲು ಮುಜುಗರವಾಯಿತು. ಆಮೇಲೆ ಬಂದವರಿಗೆ ತಾನೇ ಚಾ ಹೇಳಿ, “ಕುಂದರ್ರಿ, ಅಕಿ ಮೀಟಿಂಗಿಗೆ ಹೋಗ್ಯಾಳ, ಬರ್ತಾಳ,” ಎನ್ನುವುದು ರೂಢಿಯಾಯಿತು.

ಅರವತ್ತಾರರಲ್ಲಿ ಸುಶೀಲಕ್ಕಾರಿಗೆ ಸರಕಾರಿ ನೇಮಕದ ಹುಕುಂ ಬಂತು, ಹಿರೇಕೆರೂರು ತಾಲೂಕಿನ ಮಾಸೂರಿಗೆ. ಪರಮೇಶಪ್ಪ ಯಂತ್ರವನ್ನು ಬಸ್ಸಿನ ಮೇಲೆ ಹೇರಿಸಿ ಹಗ್ಗ ಬಿಗಿದ. ಮಾಸೂರಿನ ಹೆಡ್‌ಮಾಸ್ತರರು ಹೊಸ ಅಕ್ಕಾರನ್ನು ನೋಡಿ ಬಹಳ ಸಂತೋಷಪಟ್ಟರು. ಗಣಿತಕ್ಕೆ ಗಂಡಸು ಮಾಸ್ತರರು ಇದ್ದಾರೆ, ನೀವು ಹುಡುಗಿಯರಿಗೆ ಹೊಲಿಗೆ ಕಲಿಸಿರಿ, ನಿಮ್ಮ ಮನೆಯವರು ಹೊಲಿಗೆಯವರೇ ಅಂತಲ್ಲ, ನಿಮಗೆ ಸುಲಭವಾಯಿತು ಎಂದರು.

“ನನಗ ಗುಂಡಿ ಹಚ್ಚಾಕೂ ಬರೂದಿಲ್ಲರಿ,” ಎಂದರು ಸುಶೀಲಕ್ಕಾರು.

ಹೆಡ್‌ಮಾಸ್ತರರು ಕೇಳಲಿಲ್ಲ, ಆ ವಾರ ಅವರು ಹೊಲಿಗೆ ಕ್ಲಾಸನ್ನೇ ತೆಗೆದುಕೊಳ್ಳಬೇಕಾಯಿತು. ಹುಡುಗಿಯರು ಹೊಲಿದ ಲಂಗಗಳಿಗೆ ಸೊಂಟ ಎಲ್ಲಿ, ಅಂಚು ಎಲ್ಲಿ ಎಂದು ತಾಯಂದಿರಿಗೆ ತಿಳಿಯಲಿಲ್ಲ. ಅವರೆಲ್ಲ ಒಟ್ಟಾಗಿ ಬಂದು ಹೆಡ್‌ಮಾಸ್ತರರ ಮೇಜಿನ ಮೇಲೆ ಆ ಲಂಗಗಳನ್ನು ರಾಶಿ ಹಾಕಿ ಹೋದರು. ಅದೇ ವಾರ ಗಣಿತದ ಮಾಸ್ತರರು ರಜೆ ಹಾಕಿದ್ದರಿಂದ ಒಂದು ತಾಸು ಸುಶೀಲಕ್ಕಾರನ್ನು ಆ ಕ್ಲಾಸಿಗೆ ಕಳಿಸಬೇಕಾಯಿತು. ಮದಗದ ಕೆರೆಯ ಕಾಲುವೆಯಲ್ಲಿ ಕೆಲಸ ಮಾಡುತ್ತಿದ್ದವರು ಸನಿಕೆ ಊರಿ ನಿಂತು, ಸಾಲಿಯ ಕಡೆ ಕಿವಿಗೊಟ್ಟರು.

ಹೆಡ್‌ಮಾಸ್ತರರು ಲಂಗಗಳ ರಾಶಿಯನ್ನೂ ನೋಡಿದರು, ಆ ದನಿಯನ್ನೂ ಕೇಳಿದರು. ಮುಂದಿನ ಸೋಮವಾರದಿಂದ ಬೀಜಗಣಿತ ಸುಶೀಲಕ್ಕಾರದು. ಹೊಲಿಗೆಯ ತಾಸಿಗೆ ಪರಮೇಶಪ್ಪ ಮಾಸೂರಿನ ಹೊಸ ಅಂಗಡಿಗೆ ಬೀಗ ಹಾಕಿ, ಕೊರಳಿಗೆ ಟೇಪು ಹಾಕಿಕೊಂಡು ಬರುತ್ತಿದ್ದ. ಹುಡುಗಿಯರು ಅವನನ್ನು ಏನೆಂದು ಕರೆಯಬೇಕೆಂದು ಒಂದಿಷ್ಟು ದಿನ ಗೊಂದಲದಲ್ಲಿದ್ದು, ಕಡೆಗೆ ‘ಅಕ್ಕಾರ ಮಾಸ್ತರ’ ಎಂದು ಕರೆದರು. ಅವನಿಗೆ ಅದು ಸರಿಯಾಗಿ ಕೇಳಿಸಲಿಲ್ಲ. ಆದರೂ ಕರೆದಾಗಲೆಲ್ಲ ‘ಹೂಂ’ ಎನ್ನುತ್ತಿದ್ದ.